ಅಧ್ಯಕ್ಷರ ಬಾಹ್ಯಾಕಾಶ ಯಾನ

ಗೆಳೆಯರೇ, ಇವತ್ತು ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ದಾವಣಗೆರೆಯಿಂದ ನೇರವಾಗಿ ಬಾಹ್ಯಾಕಾಶಕ್ಕೆ ಹೋಗಿಬಂದರು.

ನಮ್ಮ ದೇಶದವರೊಬ್ಬರು ಅಲ್ಲಿಗೆ ಹೋಗಿಬಂದ ಸುದ್ದಿ ಕೇಳಿದಾಗಿನಿಂದ ಒಂಬತ್ತನೇ ತರಗತಿಯ ಮಕ್ಕಳು ತಗಡಿನ ನೌಕೆ ಕಟ್ಟಿಕೊಂಡು ಯಾನದ ಅಭ್ಯಾಸ ನಡೆಸಿದ್ದರು. ಹರಿಹರದಿಂದ ಬರುವ ನಸೀಮಾ ಅದರ ಕ್ಯಾಪ್ಟನ್. ಇವತ್ತು ಪ್ರದರ್ಶನ. ರಿಬ್ಬನ್ ಕತ್ತರಿಸಿದ ಅಧ್ಯಕ್ಷರು ಹಾರದ ಸಮೇತ ಒಳಗೆ ಹೋಗಿ ಅವಳ ಕುರ್ಚಿಯಲ್ಲೇ ಕೂತರು.

"ಅದು ನನ್ನ ಸೀಟ್ರಿ," ಎಂದಳು ನಸೀಮಾ.

"ದೊಡ್ಡೋರು ಕೂತಾರೆ, ಸುಮ್ನಿರು. ನೀನು ಹೊರಗೆ ನಿಂತ್ಕಂಡು ಕಂಟ್ರೋಲ್ ನೋಡ್ಕ," ಎಂದರು ಹೆಡ್‌ಮಾಸ್ಟರು.

ಅವಳು ಹಾಗೆಯೇ ಮಾಡಿದಳು. ನೌಕೆಯ ಚಿಲಕ ಹೊರಗಿತ್ತು; ಅದನ್ನೂ ಹಾಕಿದಳು. ಕಂಟ್ರೋಲಿನವರು ಹೇಳದೆ ಅದನ್ನು ತೆಗೆಯಬಾರದೆಂಬ ನಿಯಮ ಅವರಿಗೆ ವಿಜ್ಞಾನ ಪಾಠ ಮಾಡುವ ನಾನೇ ಮಾಡಿದ್ದು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಸಾಕು, ತೆಗೀರಿ. ಮಲೆಬೆನ್ನೂರಾಗೆ ಮದುವೆ ಐತೆ."

"ಹೊರಗೆ ಗಾಳಿ ಇಲ್ರಿ ಸಾರ್. ನೀವಿನ್ನೂ ಭೂಮಿಗೆ ಇಳಿದಿಲ್ಲ," ಎಂದಳು ನಸೀಮಾ.

ಹೆಡ್‌ಮಾಸ್ಟರು ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

"ಹೆಂಗಮ್ಮ ಇಳಿಯೋದು ಮತ್ತೆ?" ಎಂದಿತು ಒಳಗಿನ ದನಿ.

"ಸೀಟು ಕ್ಯಾಪ್ಟನ್‌ಗೆ ಬಿಟ್ಕೊಟ್ರೆ ಇಳಿಸ್ತೀನ್ರಿ."

ಬಿಟ್ಟುಕೊಟ್ಟರು. ನಸೀಮಾ ಕೂತಳು, ಪ್ರದರ್ಶನ ನಡೆಯಿತು.

ನಮ್ಮ ಅಧ್ಯಕ್ಷರು ಒಂದು ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದು ಇದೇ ಮೊದಲು. ಅಂಥದ್ದು ಭೂಮಿಯ ಮೇಲೆ ನಡೆಯುವುದಿಲ್ಲವೆಂದು ನಮಗೆಲ್ಲ ಮೊದಲೇ ಗೊತ್ತಿತ್ತು.