ಸುಣ್ಣ ಬಳಿದ ತಪ್ಪಿಗೆ

ಕಳೆದ ಮಂಗಳವಾರ ನನ್ನದೇ ಕೈಬರಹ ನನ್ನ ಮೊಬೈಲಿಗೆ ಬಂತು.

ಕಳಿಸಿದ್ದು ಮುನಿರತ್ನಮ್ಮ. ಗೌನಿಪಲ್ಲಿ ದಾಟಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಒಂದು ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವಾಕೆ. (ಹಳ್ಳಿಯ ಹೆಸರು ಬರೆಯುವುದಿಲ್ಲ. ಆಕೆಗೆ ನಾನು ಕೊಟ್ಟಿರುವ ತೊಂದರೆಯೇ ಸಾಕು.) ಆಕೆಗೆ ಬಂದ ನೋಟಿಸಿನ ಫೋಟೋ ಅದು. ಜೊತೆಗೆ ಸಾಕ್ಷಿಗೆಂದು ಲಗತ್ತಿಸಿದ ಒಂದು ಜೆರಾಕ್ಸ್ ಹಾಳೆ. ಅದರಲ್ಲಿ ನನ್ನ ದುಂಡನೆಯ ಅಕ್ಷರ: 'ಇಷ್ಟು ಅಚ್ಚುಕಟ್ಟಾದ ಗ್ರಂಥಾಲಯವನ್ನು ಈ ಜಿಲ್ಲೆಯಲ್ಲೇ ನಾನು ಕಂಡಿಲ್ಲ.' ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ಜಂಬದ ಎರಡು ಗೆರೆ.

ಬೆರಳಿಂದ ಹಿಗ್ಗಿಸಿ ಮತ್ತೊಮ್ಮೆ ಓದಿದೆ.

ನಡೆದದ್ದು ಇಷ್ಟು. ಈ ಮೇ ತಿಂಗಳಲ್ಲಿ ನಮ್ಮ ಕಡೆಯ ಹಳ್ಳಿ ಗ್ರಂಥಾಲಯಗಳ ಕಟ್ಟಡಗಳು ಹೇಗಿವೆ ಎಂದು ನೋಡಿಬರಲು ಒಂದು ಸಮಿತಿ ಆಯಿತು. ಯಾವುದು ಶಿಥಿಲವೋ ಅದಕ್ಕೆ ಮೊದಲು ಫಂಡ್. ಸಮಿತಿಯಲ್ಲಿ ಒಬ್ಬರು ಇಂಜಿನಿಯರ್, ಒಬ್ಬರು ಗುಮಾಸ್ತರು, ಮತ್ತು 'ಓದುಗರ ಪ್ರತಿನಿಧಿ' ಅಂತ ನಾನು. ಮೇಷ್ಟ್ರ ಕೆಲಸದಿಂದ ರಿಟೈರ್ ಆಗಿ, ಕೋಲಾರದ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಾ ಕಂಡಕಂಡವರನ್ನು ಬೈದುಕೊಂಡಿರುವವನಿಗೆ ಜೀಪು ಹತ್ತಿ ಅಂದರೆ ಬೇಡ ಅನ್ನುತ್ತೇನೆಯೇ?

ಮೊದಲ ದಿನ ಮಾಲೂರಿನ ಕಡೆ ಹೋದೆವು. ಮಾಸ್ತಿ ರಸ್ತೆಯಿಂದ ಒಳಗಿರುವ ಒಂದು ಊರು. ಗ್ರಂಥಾಲಯದ ಬಾಗಿಲು ತೆಗೆದರೆ ಬಾವಲಿಯ ಗಬ್ಬು. ಪುಸ್ತಕದ ಕಟ್ಟುಗಳ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಅಲ್ಲಿನ ಮೇಲ್ವಿಚಾರಕ ಎದೆಯುಬ್ಬಿಸಿ ಹೇಳಿದ, "ನೋಡ್ಕೊಳ್ಳಿ ಸಾರ್, ಹೆಂಗಿದೆಯೋ ಹಂಗೇ ಬಿಟ್ಟಿದೀನಿ. ಒಂದು ಪೊರಕೆನೂ ಆಡ್ಸಿಲ್ಲ."

ಜೀಪಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವನನ್ನು ಉಗಿದೆ. ಇಂಜಿನಿಯರ್ ನಕ್ಕರು. "ಅವನು ಬುದ್ಧಿವಂತ ಸಾರ್." ಆ ಮಾತು ಅವತ್ತು ನನಗೆ ಅರ್ಥವಾಗಲಿಲ್ಲ.

ಮರುದಿನ ಮುನಿರತ್ನಮ್ಮನ ಊರು. "ರಾಂಡಿ ಸಾರ್, ರಾಂಡಿ," ಅಂತ ತೆಲುಗಿನಲ್ಲೇ ಬರಮಾಡಿಕೊಂಡು, ಆಮೇಲೆ ಕನ್ನಡಕ್ಕೆ ತಿರುಗಿದಳು. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ. ಗೋಡೆಗೆ, ಚಾವಣಿಗೆ ಇನ್ನೂ ವಾಸನೆ ಹೋಗದ ಹೊಸ ಸುಣ್ಣ. ಒಂದು ಗೋಡೆಗೆ ದೊಡ್ಡ ಕರ್ನಾಟಕ ಭೂಪಟ. ನಮಗೆಂದೇ ಶಾಮಿಯಾನದವರಿಂದ ತರಿಸಿದ ಕುರ್ಚಿಗಳು.

ನಾಲ್ಕೈದು ಹೆಣ್ಣುಮಕ್ಕಳು ತಲೆಯೆತ್ತದೆ ಓದುತ್ತಿದ್ದರು. ಒಬ್ಬಳು ಆಯೇಷಾ, ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಅವಳ ಅಪ್ಪ ಹಾಸಿಗೆ ಹೊಲಿಯುವವರು. "ಮನೇಲಿ ಒಂದೇ ರೂಮು ಸಾರ್. ಪುಸ್ತಕ ತೆಗೆದ್ರೆ ಪುಟದ ತುಂಬ ಹತ್ತಿ," ಅಂದಳು. "ಇದೊಂದು ಇರೋದಕ್ಕೆ ಓದ್ತಿದೀನಿ."

ಇಂಜಿನಿಯರ್ ಚಾವಣಿ ನೋಡಿದರು. "ಮೇಲೆ ಹತ್ತಿ ನೋಡ್ಬೇಕಲ್ಲ. ಏಣಿ ಇದೆಯೇನಮ್ಮ?"

"ಪಕ್ಕದ್ಮನೇಲಿದೆ ಸಾರ್, ತರಿಸ್ತೀನಿ."

ನೆತ್ತಿ ಸುಡುವ ಬಿಸಿಲು. ನನ್ನ ಕೈಯಲ್ಲಿ ಆಕೆ ಕೊಟ್ಟ ತಟ್ಟೆ, ತಟ್ಟೆಯಲ್ಲಿ ಹೆಚ್ಚಿಟ್ಟ ಬಾದಾಮಿ ಮಾವಿನಹಣ್ಣು. ಹೋಳು ಬಾಯಿಗಿಟ್ಟುಕೊಂಡೇ ಹೇಳಿದೆ, "ಬಿಡ್ರೀ, ಒಳಗೆ ಇಷ್ಟು ಚೆನ್ನಾಗಿಟ್ಟಿರೋರು ಮೇಲೆ ಕೆಡಿಸ್ಕೊಂಡಿರ್ತಾರಾ?"

ಹೌದು, ಹೇಳಿದ್ದು ನಾನೇ. ಇಂಜಿನಿಯರಿಗೂ ಹತ್ತುವುದು ಬೇಕಿರಲಿಲ್ಲ. ಫಾರಂನಲ್ಲಿ 'ಉತ್ತಮ' ಎಂಬಲ್ಲಿ ಟಿಕ್ ಬಿತ್ತು. ಆಕೆ ಸಂದರ್ಶಕರ ಪುಸ್ತಕ ತಂದಿಟ್ಟಳು. ನಾನು ಕೈ ಒರೆಸಿಕೊಂಡು ಆ ವಾಕ್ಯ ಬರೆದೆ. ಅದನ್ನು ಓದಿ ಆಕೆಯ ಕಣ್ಣು ತುಂಬಿತು. ನಾನು ಬೀಗಿದೆ.

ಗಣೇಶನ ಹಬ್ಬ ಕಳೆದ ಮೇಲೆ ಜಡಿಮಳೆ ಹಿಡಿಯಿತಲ್ಲ, ಅದರ ಮೂರನೆಯ ಮಧ್ಯಾಹ್ನ ಚಾವಣಿಯ ಗಾರೆ ಉದುರತೊಡಗಿತು. ಮುನಿರತ್ನಮ್ಮ ಹುಡುಗಿಯರನ್ನೆಲ್ಲ ಹೊರಗೆ ದಬ್ಬಿದಳು. ಆಯೇಷಾಳ ನೋಟ್ಸು ಮೇಜಿನ ಮೇಲೇ ಉಳಿದಿತ್ತು. ವರ್ಷವೆಲ್ಲ ಬರೆದದ್ದು. ಅದನ್ನು ತರಲು ಮುನಿರತ್ನಮ್ಮನೇ ಒಳಗೆ ಹೋದಳು. ಕಾಂಕ್ರೀಟಿನ ಚಕ್ಕೆ ಕಳಚಿ ಆಕೆಯ ಬಲಗೈ ಮೇಲೆ ಬಿತ್ತು.

ಶ್ರೀನಿವಾಸಪುರದ ಆಸ್ಪತ್ರೆಯವರು ಕೋಲಾರಕ್ಕೆ ಕಳಿಸಿದರು. ಕೈ ಉಳಿದಿದೆ. ಬೆರಳು ಮಡಚಲು ಬರುವುದಿಲ್ಲ. ಇನ್ನು ಬರುವುದೂ ಅನುಮಾನವಂತೆ.

ಆಮೇಲೆ ಬಂದದ್ದು ನೋಟಿಸು. 'ಸಮೀಕ್ಷೆಯ ವೇಳೆ ಉತ್ತಮ ಸ್ಥಿತಿಯಲ್ಲಿದ್ದ ಕಟ್ಟಡ ಕೆಲವೇ ತಿಂಗಳಲ್ಲಿ ಹಾಳಾಗಲು ತಮ್ಮ ನಿರ್ಲಕ್ಷ್ಯವೇ ಕಾರಣವೆಂದು ಏಕೆ ಪರಿಗಣಿಸಬಾರದು? ಏಳು ದಿನದೊಳಗೆ ಲಿಖಿತ ಉತ್ತರ ನೀಡತಕ್ಕದ್ದು.' ಸಾಕ್ಷಿ: ನನ್ನ ವಾಕ್ಯ. ಕೆಲಸ ಉಳಿಯುವುದೋ ಹೋಗುವುದೋ ಆ ಉತ್ತರದ ಮೇಲೆ ನಿಂತಿದೆ.

ನಾನು ಸುಮ್ಮನೆ ಕೂರಲಿಲ್ಲ ಸ್ವಾಮಿ. ನೋಟಿಸು ಕಳಿಸಿದ ಕಚೇರಿಗೆ ಹೋದೆ. ನಾನು ಬರೆದದ್ದು ತಪ್ಪು, ನಾವು ಮೇಲೆ ಹತ್ತಿ ನೋಡಲೇ ಇಲ್ಲ ಅಂದೆ. ಅಲ್ಲಿದ್ದವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು ಹೇಳಿದರು, "ಬರೆದಾಯ್ತಲ್ಲ ಸಾರ್. ಈಗ ಅದು ರೆಕಾರ್ಡು."

ಅಂದಹಾಗೆ, ಮಾಲೂರಿನ ಕಡೆಯ ಆ ಬಾವಲಿ ಮನೆಗೆ ಹೊಸ ಕಟ್ಟಡ ಮಂಜೂರಾಗಿದೆ. ಪೊರಕೆ ಆಡಿಸದವನು ಗೆದ್ದ.

ಗುರುವಾರ ಬಸ್ಸು ಹತ್ತಿ ಮುನಿರತ್ನಮ್ಮನ ಮನೆಗೆ ಹೋದೆ. ಗ್ರಂಥಾಲಯಕ್ಕೆ ಬೀಗ. ಆಯೇಷಾ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಅಲ್ಲಿ ಬೀಡಿ ಸೇದುವವರು, ಇಸ್ಪೀಟಿನವರು. ನಾಳೆಯಿಂದ ಮನೆಯಲ್ಲೇ ಇರು ಎಂದು ಅವರಮ್ಮ ಹೇಳಿದ್ದಾರಂತೆ. ಆ ತಾಯಿಯನ್ನು ಯಾವ ಬಾಯಲ್ಲಿ ಬೈಯಲಿ?

ಮುನಿರತ್ನಮ್ಮ ಎಡಗೈಯಲ್ಲೇ ಕುರ್ಚಿ ಎಳೆದು ಕೊಟ್ಟಳು.

"ಸೋರ್ತಿತ್ತೇನಮ್ಮ?" ಕೇಳಿದೆ.

"ಮೂರು ವರ್ಷದಿಂದ ಸಾರ್. ಮೇಲೆ ಟಾರ್ಪಾಲ್ ಹೊದ್ಸಿದ್ದೆ. ನೀವು ಬರ್ತೀರಂತ ಹಿಂದಿನ ದಿನ ತೆಗ್ಸಿದೆ, ಅಸಹ್ಯವಾಗಿ ಕಾಣುತ್ತೆ ಅಂತ. ಮತ್ತೆ ಹೊದ್ಸೋಣ ಅಂದ್ರೆ ಹರ್ದೋಗಿತ್ತು."

ಭೂಪಟದ ಹಿಂದೆ ಗೋಡೆ ಬಿರುಕು ಬಿಟ್ಟಿತ್ತಂತೆ. ನೆನೆದು ಉಬ್ಬಿದ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಸಾಗಿಸಿದ್ದಳು. ಅವು ಇನ್ನೂ ಆಕೆಯ ಮಂಚದ ಕೆಳಗೇ ಇವೆ, ತೋರಿಸಿದಳು. ಸುಣ್ಣದ ದುಡ್ಡು ಕೂಡ ಆಕೆಯ ಕೈಯಿಂದಲೇ.

ನನಗೆ ಸಿಟ್ಟು ಬಂತು. ಯಾರ ಮೇಲೋ ಗೊತ್ತಿಲ್ಲ. "ಒಂದು ಮಾತು ಹೇಳೋದಲ್ವೇನಮ್ಮ?"

"ಮನೆಗೆ ಬಂದೋರ ಮುಂದೆ ಕಷ್ಟ ಹೇಳ್ಕೊಂಡು ಅಳೋಕಾಗುತ್ತಾ ಸಾರ್? ಮೇಲೆ ಹತ್ತಿದ್ರೆ ನಿಮಗೇ ಕಾಣ್ತಿತ್ತು." ಚೀಲವನ್ನು ಮತ್ತೆ ಮಂಚದ ಕೆಳಗೆ ತಳ್ಳುತ್ತಾ ಅಂದಳು, "ಕೊಳಕಾಗಿದ್ರೆ ಇವಳ ಕೈಗೆ ಹೊಸ ಬಿಲ್ಡಿಂಗ್ ಕೊಟ್ರೂ ಕೊಳಕೇ ಮಾಡ್ತಾಳೆ ಅಂತೀರ. ಚೆನ್ನಾಗಿ ಇಟ್ಕೊಂಡಿದ್ರೆ, ಇವಳಿಗೆ ಕೊಡ್ಬೋದು ಅಂತೀರ. ಹಂಗನ್ಕೊಂಡೆ ಸಾರ್."

ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ. ಹೆಣ್ಣು ನೋಡಲು ಬರುತ್ತಾರೆಂದರೆ ಪಕ್ಕದ ಮನೆಯಿಂದ ಲೋಟ ತರುವ ಜನ ನಾವು. ಹರಿದ ಚಾಪೆ ಒಳಗಿಟ್ಟು, ಇದ್ದುದರಲ್ಲಿ ಒಳ್ಳೆಯದನ್ನು ಹಾಸುತ್ತೇವೆ. ಅದು ಮೋಸವಲ್ಲ, ಮರ್ಯಾದೆ. ಆದರೆ ನಮ್ಮ ಫಾರಂಗೆ ಬಿದ್ದ ಗೋಡೆ ಮಾತ್ರ ಕಾಣುತ್ತದೆ. ಬೀಳದಂತೆ ಮೂರು ವರ್ಷ ಹಿಡಿದುಕೊಂಡವಳಿಗೆ ಅದರಲ್ಲಿ ಕಾಲಂ ಇಲ್ಲ. ಆ ಫಾರಂ ತುಂಬಲು ಹೋಗಿದ್ದ ಮೂವರಲ್ಲಿ ಒಬ್ಬರಿಗೂ ಏಣಿ ಹತ್ತುವ ಯೋಗ್ಯತೆ ಇರಲಿಲ್ಲ. ನನಗಂತೂ ಇರಲಿಲ್ಲ.

ಆಕೆ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು. "ನೋಟಿಸಿಗೆ ಉತ್ತರ ನೀವೇ ಬರ್ಕೊಡಿ ಸಾರ್. ನನ್ನ ಕೈ ಹಿಂಗಾಯ್ತು. ನಿಮ್ಮ ಅಕ್ಷರ ಚೆನ್ನಾಗಿದೆ."

ಚುಚ್ಚಿ ಅಂದದ್ದಲ್ಲ, ನಿಜವಾಗಿಯೂ ಮೆಚ್ಚಿ ಅಂದದ್ದು.

ಬರೆದೆ. ಟಾರ್ಪಾಲು, ಬಿರುಕು, ಸುಣ್ಣ, ನೋಟ್ಸು, ನಾವು ಹತ್ತದ ಏಣಿ, ಎಲ್ಲವನ್ನೂ ಬರೆದೆ. ಕೊನೆಗೆ ಆಕೆ ಎಡಗೈ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡಳು. ಊರಿನ ಗ್ರಂಥಾಲಯದವಳು, ಹೆಬ್ಬೆಟ್ಟು. ಒತ್ತುವ ಮುಂಚೆ ತಡೆದಳು.

"ಕೆಳಗಡೆ ಇದೊಂದು ಸೇರ್ಸಿ ಸಾರ್. ಮುಂದಿನ ಸಲ ತಾವು ನೋಡೋಕೆ ಬಂದಾಗ, ಕಸ ಗುಡಿಸ್ಬೇಕಾ, ಬೇಡ್ವಾ?"