ಮುಗಿದ ಸಾಲಿನಲ್ಲೇ ನಿಂತ ಕಂಪೈಲರ್

ಊಟಿಯ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಸ್ಕೀಮ್ ಎಂಬ, ಲಿಸ್ಪ್ ಬಳಗದ ಕಂಪ್ಯೂಟರ್ ಭಾಷೆಗೆ ಕಂಪೈಲರ್ ಬರೆದೆ. ಅದು ಸ್ಕೀಮ್ ಪ್ರೋಗ್ರಾಮನ್ನು ಪೈಥಾನ್ ಎಂಬ ಇನ್ನೊಂದು ಭಾಷೆಗೆ ತಿರುಗಿಸಿ ಅಲ್ಲೇ ಓಡಿಸುತ್ತಿತ್ತು. ಪ್ರಾಜೆಕ್ಟಿನ ಗೈಡ್ ಮೇಡಂ ಅದರಿಂದ ಹತ್ತು ಸಾವಿರದಿಂದ ಸೊನ್ನೆಯವರೆಗೆ ಎಣಿಸಿ ತೋರಿಸಲು ಹೇಳಿದರು. ಸಾವಿರ ಹೆಜ್ಜೆ ದಾಟುವ ಮೊದಲೇ ಅದು ಕುಸಿಯಿತು.

ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದವಳು ನಾನು. ಒಂದರೊಳಗೊಂದು ಕರೆಗೆ ಸಾವಿರದ ಮಿತಿ ಹಾಕಿದ್ದು ಪೈಥಾನ್, ನನ್ನ ಕಂಪೈಲರ್ ಅಲ್ಲ ಎಂದು ಕಾಲು ಗಂಟೆ ವಾದಿಸಿದೆ.

"ವಾದ ನೀನೇ ಗೆದ್ದೆಯಮ್ಮ. ಎಣಿಸೋದು ಯಾವಾಗ? ಸೋಮವಾರ ಎಣಿಸದಿದ್ರೆ ಫೇಲು" ಎಂದರು ಮೇಡಂ.

ಭಾನುವಾರ ನಡುವಟ್ಟಂನ ನಮ್ಮ ತೋಟದಲ್ಲಿ ನೆರೆಯ ಹೆಂಗಸರೊಡನೆ ಚಹಾ ಎಲೆ ಕೀಳುತ್ತಾ ಅವ್ವನಿಗೆ ದೂರು ಹೇಳಿದೆ: ಪ್ರೋಗ್ರಾಮಿನ ಪ್ರತಿ ಹೆಜ್ಜೆಯೂ ಮುಂದಿನದನ್ನು ಕರೆದು, ಅದು ಮುಗಿಯುವ ತನಕ ಕಾಯುತ್ತಾ ನಿಲ್ಲುತ್ತದೆ, ಹಾಗೆ ನಿಂತವುಗಳಿಂದಲೇ ಜಾಗ ತುಂಬುತ್ತದೆ.

"ಸಾಲು ಮುಗಿಸಿದವರು ಬುಟ್ಟಿ ಸುರಿದು ನನ್ನ ಹತ್ರ ಬರ್ತಾರೆ, ನಾನು ಇನ್ನೊಂದು ಸಾಲು ತೋರಿಸ್ತೀನಿ. ಮುಗಿದ ಸಾಲಲ್ಲಿ ನಿಂತು ಏನೇ ಕಾಯೋದು?" ಎಂದಳು ಅವ್ವ.

ಹೋಲಿಕೆ ಪುರಾವೆಯಾಗುವುದಿಲ್ಲ ಎಂದು ಅವಳಿಗೆ ತಿಳಿಹೇಳಿ, ಮನೆಗೆ ಬಂದು ಹಾಗೆಯೇ ಬರೆದೆ. ಈಗ ಯಾವ ಹೆಜ್ಜೆಯೂ ಮುಂದಿನದನ್ನು ಕರೆಯುವುದಿಲ್ಲ. ತನ್ನ ಪಾಲು ಮುಗಿದೊಡನೆ ಪ್ರತಿ ಹೆಜ್ಜೆಯೂ, ಅವ್ವನಂತೆ ಮೇಲ್ವಿಚಾರಣೆ ಮಾಡುತ್ತಾ ಸುತ್ತುವ ಒಂದೇ ಲೂಪಿಗೆ ಹಿಂತಿರುಗಿ, ಮುಂದಿನ ಕೆಲಸವನ್ನು ಅದಕ್ಕೊಪ್ಪಿಸುತ್ತದೆ.

ಸೋಮವಾರ ಎಣಿಕೆ ಸೊನ್ನೆ ಮುಟ್ಟಿತು. ಸಮರ್ಥನೆಗೆಂದು ನಾಲ್ಕು ಪುಟ ಸಿದ್ಧಮಾಡಿದ್ದೆ. ಮೇಡಂ ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದರು. ಪಾಸಾದ ನನಗೆ ಅವಮಾನವಾದಂತಾಯಿತು.