ಹತ್ತು ಸೆಕೆಂಡಿಗೊಂದು ಹಲೋ

ಮನೆಯ ವೈಫೈ ಪೆಟ್ಟಿಗೆಯ ದೀಪ ಮಿನುಗುವುದನ್ನು ಕಂಡರೆ, ಅದು ಯಾರೊಡನೆ ಏನು ಮಾತಾಡುತ್ತಿದೆಯೋ ಎಂಬ ಕುತೂಹಲ ನನಗೆ ಈ ವಯಸ್ಸಿನಲ್ಲೂ ಹೋಗಿಲ್ಲ. ಅದು ಅಂಟಿದ್ದು ಮಧುಗಿರಿಯ ಬ್ಯಾಂಕ್ ಶಾಖೆಯೊಂದರಲ್ಲಿ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಮ್ಯಾನ್ಯುಯಲ್ ಅರ್ಥವಾಗುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅಲ್ಲಿ ‘ಕಂಪ್ಯೂಟರ್ ಮೇಡಂ’ ಮಾಡಿದ್ದರು.

ತುಮಕೂರಿನ ಕಚೇರಿಯ ಕಂಪ್ಯೂಟರಿಗೆ ನಮ್ಮದೊಂದು ಖಾಯಂ ಲೈನು. ಅದು ಹೋದರೆ ರೌಟರ್ ಎಂಬ ಪೆಟ್ಟಿಗೆ ಆಫೀಸಿನಲ್ಲಿದ್ದ ಒಂದೇ ಫೋನಿನಿಂದ ತುಮಕೂರಿಗೆ ಡಯಲ್ ಮಾಡುವುದು. ಎರಡು ನಿಮಿಷ ಮಾತಿಲ್ಲದಿದ್ದರೆ ತಾನೇ ಫೋನ್ ಇಡುವುದು. ವೆರಿ ಸೆನ್ಸಿಬಲ್ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಖಾಯಂ ಲೈನು ಹೋಗಿ, ಹತ್ತು ನಿಮಿಷಕ್ಕೆ ಬಂತು. ಆದರೂ ಪೆಟ್ಟಿಗೆ ಫೋನ್ ಬಿಡಲಿಲ್ಲ.

ಅಂದೇ ನಮ್ಮ ಅಟೆಂಡರ್ ಹೆಂಗಸಿಗೆ ಪಾವಗಡದ ಆಸ್ಪತ್ರೆಯಿಂದ ಅಳಿಯನ ಫೋನು ಬರಬೇಕಿತ್ತು. ಮಗಳಿಗೆ ಎರಡನೇ ಹೆರಿಗೆ, ಹಾಗಾಗಿ ಗಂಡನ ಊರಿನಲ್ಲೇ. ಆಪರೇಷನ್ ಎಂದರೆ ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಹೊರಡುವುದೆಂದು ಆಕೆ ಚೀಲ ತುಂಬಿಕೊಂಡೇ ಬಂದಿದ್ದಳು. ಪ್ಲಗ್ ಕೀಳೋಣವೆಂದರೆ, ಖಾಯಂ ಲೈನು ಮತ್ತೆ ಹೋದರೆ ಕೌಂಟರ್ ನಿಂತೇಹೋಗುತ್ತದೆ, ಮುಟ್ಟಬೇಡಿ ಎಂದು ಮ್ಯಾನೇಜರರ ತಾಕೀತು.

ಪೆಟ್ಟಿಗೆಗೂ ಫೋನಿಗೂ ನಡುವೆ ಇದ್ದ ಮೋಡೆಮ್ಮಿನ ದೀಪ ನೋಡುತ್ತ ಕುಳಿತೆ. ಮಿನುಗುವುದು, ಸುಮ್ಮನಾಗುವುದು, ಮತ್ತೆ ಮಿನುಗುವುದು. ವಾಚು ಮನೆಯಲ್ಲಿ ಮರೆತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಬಾಯಿಪಾಠ ಮಾಡಿಸಿದ್ದ ‘ಹೇಲ್ ಮೇರಿ’ ಪ್ರಾರ್ಥನೆ ಮಾತ್ರ ನಮ್ಮಂಥ ಹಿಂದೂ ಹುಡುಗಿಯರಿಗೂ ಮರೆಯುವುದಿಲ್ಲ. ಬೇಗ ಹೇಳಿದರೆ ಹತ್ತು ಸೆಕೆಂಡು. ಒಂದು ಹೇಲ್ ಮೇರಿಗೆ ಒಂದು ಮಿನುಗು, ಒಮ್ಮೆಯೂ ತಪ್ಪಲಿಲ್ಲ. ಮ್ಯಾನ್ಯುಯಲ್ ತಿರುವಿದೆ. ದಾರಿ ನೆಟ್ಟಗಿದೆಯೇ ಎಂದು ತಿಳಿಯಲು ಈ ಪೆಟ್ಟಿಗೆಗಳು ಹತ್ತು ಸೆಕೆಂಡಿಗೊಮ್ಮೆ ಒಂದಕ್ಕೊಂದು ಹಲೋ ಹೇಳುತ್ತವಂತೆ. ಆ ಹಲೋ ಕೂಡ ಮಾತೆಂದೇ ಎಣಿಕೆಯಾಗಿ, ಎರಡು ನಿಮಿಷದ ಮೌನ ಕೂಡಿಬರುತ್ತಲೇ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಆಕೆ ಕೇಳಿದಳು, “ಅಷ್ಟೊತ್ನಿಂದ ಏನ್ ಮಾತಾಡ್ತದೆ ಮೇಡಮ್ಮೋರೇ ಅದು?”

“ಊಟ ಆಯ್ತಾ ಅಂತ ಕೇಳ್ತಾ ಇದೆ, ಅಷ್ಟೇ.”

“ಊಟ ಆಯ್ತಾ ಅನ್ನಾಕೆ ಯಾರಾನಾ ಫೋನ್ ಹಿಡ್ಕಂಡು ಕುಂತ್ಕತಾರಾ? ಎದ್ರಿಗೆ ಸಿಕ್ದಾಗ ಕೇಳ್ಬೇಕು ಕಣಮ್ಮ.”

ನನಗೆ ಬೇಕಿದ್ದ ರೂಲು ಅದೇ. ಹಲೋ ನಿಲ್ಲಿಸಬೇಕಿಲ್ಲ, ಲೈನು ಇದ್ದಾಗ ಕೇಳಿಕೊಳ್ಳಲಿ, ಅದಕ್ಕಾಗಿಯೇ ಲೈನು ಹಿಡಿಯುವುದು ಬೇಡ. ಮ್ಯಾನ್ಯುಯಲ್ಲಿನಲ್ಲಿ ಹಾಗೆ ಹೇಳುವ ಸಾಲು ಹುಡುಕಿ ಪೆಟ್ಟಿಗೆಗೆ ಟೈಪ್ ಮಾಡಿದೆ. ಹನ್ನೆರಡು ಹೇಲ್ ಮೇರಿ ಎಣಿಸಿದೆ. ದೀಪ ಆರಿತು.

ಸ್ವಲ್ಪ ಹೊತ್ತಿಗೇ ಫೋನು ಹೊಡೆದುಕೊಂಡಿತು. ಅಳಿಯ ಬೆಳಗಿನಿಂದ ಪ್ರಯತ್ನಿಸುತ್ತಿದ್ದನಂತೆ. ಆಪರೇಷನ್ ಬೇಕಾಗಿರಲಿಲ್ಲ, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೇನು ರಿಸೀವರ್ ಇಡಬೇಕು, ಮತ್ತೆ ಕಿವಿಗಿಟ್ಟುಕೊಂಡಳು.

“ಅದ್ಸರಿ, ನಿಂದು ಊಟ ಆಯ್ತೇನಪ್ಪಾ?”

ನಾನು ನಕ್ಕಿದ್ದು ಕಂಡು ಬೆನ್ನು ತಿರುಗಿಸಿದಳು. ಆಪರೇಷನ್ ಇಲ್ಲದಿದ್ದರೂ ಚೀಲ ಎತ್ತಿಕೊಂಡು ಒಂದು ಗಂಟೆಯ ಬಸ್ಸಿಗೇ ಹೋದಳು.